ಅವನ ಬಾಯಿಗೆ ಹಾಕಿದ ಮಾತು

ಲಿಫ್ಟ್ ರಿಪೇರಿ ಮಾಡುವ ಅವನನ್ನು ಜೊತೆಯವರೆಲ್ಲ ಮಾತುಗಾರ ಅಂತಲೇ ಕರೆಯುತ್ತಿದ್ದರು. ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರನ್ನು ಹೊರಗೆಳೆಯುವ ಮೊದಲು ಬಾಗಿಲ ಸಂದಿಗೆ ಬಾಯಿಟ್ಟು ಅವರನ್ನು ನಗಿಸುವುದು ಅವನ ಪದ್ಧತಿ. "ಅತ್ತೆ-ಸೊಸೆ ಯಾರಾದ್ರೂ ಒಟ್ಟಿಗೆ ಇದ್ದೀರಾ ಒಳಗೆ? ಹಾಗಿದ್ರೆ ನಿಧಾನಕ್ಕೆ ತೆಗೀತೀನಿ, ಅಷ್ಟರಲ್ಲಿ ರಾಜಿ ಆಗ್ಬಿಡಿ" ಅನ್ನುತ್ತಿದ್ದ. ಒಳಗಿನವರು ಉಸಿರುಗಟ್ಟಿದ್ದನ್ನು ಮರೆತು ನಗುತ್ತಿದ್ದರು.

ಮಗಳು ಹುಟ್ಟಿದ ಮೇಲೂ ಬಾಯಿ ಹಾಗೇ ಓಡುತ್ತಿತ್ತು. ಓಡದೆ ನಿಂತದ್ದು ಮನಸ್ಸು. ಹೆರಿಗೆ ಕಷ್ಟದ್ದಾಗಿತ್ತು; ಹೆಂಡತಿಗೆ ರಕ್ತ ಹೋಗಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಇವನು ಗೋಡೆಗೊರಗಿ ನಿಂತು ಜೀವ ಕೈಯಲ್ಲಿ ಹಿಡಿದಿದ್ದ. ಕೊನೆಗೆ ಯಾರೋ ಬಂದು ಬಟ್ಟೆ ಸುತ್ತಿದ ಮಗುವನ್ನು ಕೈಗಿಟ್ಟಾಗ, ಬೇರೆ ಮನೆಗೆ ತಲುಪಿಸಬೇಕಾದ ಪಾರ್ಸೆಲ್ ಹಿಡಿದ ಹಾಗನ್ನಿಸಿತು. ಮನೆಗೆ ಬಂದ ಮೇಲೂ ಅದು ಹೋಗಲಿಲ್ಲ. ಕೆಲಸದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಕೂತು, ಟಾರ್ಚ್ ಆರಿಸಿ, ಆ ಕತ್ತಲ ಬಾವಿಯಲ್ಲಿ ಬಿಕ್ಕಿಬಿಕ್ಕಿ ಅಳುತ್ತಿದ್ದ. ಆಮೇಲೆ ಮುಖ ಒರೆಸಿಕೊಂಡು ಕೆಳಗಿಳಿದು ಮತ್ತೊಂದು ಜೋಕು ಹೊಡೆಯುತ್ತಿದ್ದ.

ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದ ದಿನ ಆರೋಗ್ಯ ಕೇಂದ್ರದ ನರ್ಸು ಮೊದಲು ಹೆಂಡತಿಯನ್ನು ಪಕ್ಕದ ಕೋಣೆಗೆ ಕರೆದು ಮಾತಾಡಿಸಿದರು. ಅವಳು ಬೇಗನೆ ಹೊರಗೆ ಬಂದಳು. ಆಮೇಲೆ ಇವನಿಗೂ ಕರೆ ಬಂತು.

"ಹೆತ್ತಿದ್ದು ಅವಳು ಸಿಸ್ಟರ್. ನನ್ನ ಹತ್ರ ಕೇಳೋಕೇನಿದೆ?"

"ಅಪ್ಪಂದಿರನ್ನೂ ಕೇಳ್ತೀವಿ ಈಗ. ಮನಸ್ಸಿಟ್ಟು ನಕ್ಕಿದ್ದು ಯಾವಾಗ ನೀವು, ಈಚೆಗೆ?"

ತಮಾಷೆ ಮಾಡಲು ಬಾಯಿ ತೆರೆದ. ಬಂದದ್ದು ಅಳು. ನರ್ಸು ನೀರಿನ ಲೋಟ ಮುಂದಿಟ್ಟರು. ಅವನು ಪಾರ್ಸೆಲ್ಲಿನ ವಿಷಯ, ಟಾರ್ಚ್ ಆರಿಸುವ ವಿಷಯ, ಎಲ್ಲ ಹೇಳಿದ. ಮಗುವಿಗಾಗಲಿ ತನಗಾಗಲಿ ಏನಾದರೂ ಮಾಡುವ ಯೋಚನೆ ಬಂದಿದೆಯೇ ಎಂದು ಅವರು ನೇರವಾಗಿ ಕೇಳಿದರು. ಇಲ್ಲ ಎಂದ. ನಿಜವೂ ಅದೇ.

"ಇದು ಕಾಯಿಲೆ. ಗಂಡಸರಿಗೂ ಬರುತ್ತೆ, ವಾಸಿನೂ ಆಗುತ್ತೆ. ಡಾಕ್ಟರ ಹತ್ರ ಕಳಿಸ್ತೀನಿ. ಆದ್ರೆ ಮನೇಲಿ ಒಬ್ಬರಿಗಾದ್ರೂ ಹೇಳಿ. ಒಬ್ಬರೇ ಹೊತ್ಕೊಂಡು ತಿರುಗಬೇಡಿ."

ಹೇಳಬೇಕೆಂದರೆ ಅವನಿಗೆ ಇದ್ದವಳು ಹೆಂಡತಿ ಒಬ್ಬಳೇ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ಕಣ್ಣಿಗೆ ಕಾಣದ ಗೀರನ್ನೂ ಬೆರಳಲ್ಲೇ ಕಂಡುಹಿಡಿಯುವವಳು. ಸಂಜೆ ಇಬ್ಬರೂ ಮಗುವಿನ ಬಟ್ಟೆ ಮಡಚುತ್ತಿದ್ದಾಗ ಎಲ್ಲವನ್ನೂ ಹೇಳಿದ. ಅವಳು ಅವನ ಕೈ ಹಿಡಿದುಕೊಂಡೇ ಕೇಳಿದಳು.

"ಯಾರಿಗೂ ಹೇಳ್ಬೇಡ" ಎಂದ.

"ನಾನ್ಯಾಕೆ ಹೇಳ್ಲಿ?"

ವಾರ ಕಳೆದಿರಲಿಲ್ಲ. ಕೆಲಸದಿಂದ ಬಂದರೆ ಮನೆಯಲ್ಲಿ ಅತ್ತೆ ಮಾವ. ಮಾವ ಬಾಗಿಲಿಗಡ್ಡ ನಿಂತಿದ್ದರು. ಅತ್ತೆ ಮಗುವನ್ನೆತ್ತಿಕೊಂಡು, ಇವನು ಹತ್ತಿರ ಬಂದಂತೆ ಆ ಕಡೆ ಹೊರಳಿದರು.

"ತಾಯಿ-ಮಗು ನಮ್ಮನೇಲಿರ್ಲಿ. ಮಗೂನ ಮೆಟ್ಟಿಲ ಮೇಲೆ ಬಿಟ್ಟು ಎಲ್ಲಾದ್ರೂ ಹೊರಟುಹೋಗೋಣ ಅನ್ಸುತ್ತೆ ಅಂದ್ಯಂತೆ. ಇಂಥ ಮಾತು ಕೇಳಿದ್ಮೇಲೆ ಬಿಟ್ಟು ಹೋಗೋಕಾಗುತ್ತಾ ನಮಗೆ?" ಎಂದರು ಮಾವ.

ಅವನಿಗೆ ಅರ್ಥವಾಗಲಿಲ್ಲ. ಅಂಥ ಮಾತು ಅವನ ಬಾಯಿಂದ ಬಂದಿರಲಿಲ್ಲ. ಹೆಂಡತಿ ತಲೆ ಬಗ್ಗಿಸಿ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು.

"ನಾನು ಹಾಗಂದ್ನಾ? ನೀನೇ ಹೇಳು."

"ಅಂದ್ರಿ" ಎಂದಳು, ಮುಖ ಎತ್ತದೆ.

ಆ ಒಂದು ಮಾತು ಅವನನ್ನು ಅರೆದುಹಾಕಿತು. ಅವಳು ಸುಳ್ಳು ಹೇಳುವವಳಲ್ಲ. ಹಾಗಾದರೆ ತಾನೇ ಹಾಗೆ ಅಂದು ಮರೆತಿರಬಹುದೇ? ತನ್ನ ತಲೆಯನ್ನೇ ನಂಬಲಾರದ ಸ್ಥಿತಿಗೆ ಬಂದ. ಭಾನುವಾರ ಮಾವನ ಮನೆಗೆ ಹೋದರೆ ಅತ್ತೆ ಎದುರು ಕುರ್ಚಿಯಲ್ಲೇ ಕಾವಲು. ಮಗುವನ್ನು ಅವನ ಕೈಗೆ ಕೊಟ್ಟರೂ ಆ ಕೈಗಳ ಕೆಳಗೆ ತಮ್ಮ ಕೈ ಚಾಚಿಯೇ ಇರುತ್ತಿದ್ದರು. ಹೆಂಡತಿ ಅಡುಗೆಮನೆಯಿಂದ ಈಚೆಗೆ ಬರುತ್ತಲೇ ಇರಲಿಲ್ಲ.

ಡಾಕ್ಟರ ಬಳಿ ಹೋಗುವುದನ್ನು ಮಾತ್ರ ಅವನು ತಪ್ಪಿಸಲಿಲ್ಲ. ಮಾತ್ರೆ ನುಂಗಿದ, ಮಾತಾಡಿದ. ಒಂದು ಭಾನುವಾರ ಮಗಳು ಅವನ ಮೂಗು ಹಿಡಿದೆಳೆದು ಬಿಡಲೊಲ್ಲಳು. ಅತ್ತೆ ಬೆರಳು ಬಿಡಿಸಿ ಒಳಗೆ ಎತ್ತಿಕೊಂಡು ಹೋದರು. ಬೀದಿಗಿಳಿದಾಗ ಎದೆಯಲ್ಲಿ ಏನೋ ಕಿತ್ತು ಬಂದ ಹಾಗಾಯಿತು. ಮಗು ತನ್ನದಾಯಿತು ಎಂದು ಗೊತ್ತಾದದ್ದು ಹೀಗೆ, ಬಿಟ್ಟು ಹೊರಟಾಗ.

ತಾಯಂದಿರನ್ನು ಕೆಲವು ತಿಂಗಳ ಮೇಲೆ ಮತ್ತೊಮ್ಮೆ ವಿಚಾರಿಸುವುದು ಆ ಕೇಂದ್ರದ ಕ್ರಮ. ಹೆಂಡತಿಯನ್ನು ಕರೆದ ದಿನ ಮಗುವನ್ನೆತ್ತಿಕೊಂಡು ಅತ್ತೆಯೂ ಅವಳ ಜೊತೆ ಒಳಗೆ ಹೊರಟಾಗ ನರ್ಸು ಅವರಿಗೆ ಹೊರಗಿನ ಬೆಂಚು ತೋರಿಸಿದರು. ಈ ಸಲ ಬಾಗಿಲು ಬೇಗ ತೆರೆಯಲಿಲ್ಲ. ತೆರೆದಾಗ ನರ್ಸು ಅವನಿಗೆ ಫೋನ್ ಮಾಡಿ, "ನಿಮ್ಮ ಹೆಂಡತಿ ನಿಮ್ಮನ್ನ ಕರೀತಿದ್ದಾರೆ" ಎಂದರು. ಗ್ರೀಸು ಮೆತ್ತಿದ ಕೈಯಲ್ಲೇ ಓಡಿಬಂದ.

ಅವಳ ಕಣ್ಣುಗಳು ಊದಿಕೊಂಡಿದ್ದವು. "ಮೆಟ್ಟಿಲ ಮಾತು ನಂದು" ಎಂದಳು. "ನಂಗೇ ಅನ್ನಿಸ್ತಿತ್ತು ಹಾಗೆ. ಯಾಕೆ ಹೀಗಿದ್ದೀಯ ಅಂತ ಅಮ್ಮ ಕೇಳಿದಾಗ ಬಾಯಿಗೆ ಬಂದ್ಬಿಡ್ತು. ತಕ್ಷಣ ನಿಮ್ಮ ಹೆಸರು ಸೇರಿಸ್ಬಿಟ್ಟೆ. ನನ್ನ ಮಾತು ಅಂದ್ರೆ ಮಗೂನ ಕಿತ್ಕೊಳ್ತಾರೆ ಅಂತ ಹೆದರಿಕೆ."

"ನನ್ನಿಂದ ಕಿತ್ಕೊಂಡ್ರಲ್ಲ."

ತನಗಿಂತ ಹೆಚ್ಚು ಬಳಲಿದವಳು ಎದುರಿಗೆ ಕೂತಿದ್ದಾಳೆಂದು ಅವನಿಗೆ ಕಾಣುತ್ತಿತ್ತು. ಮರುಕವೂ ಬಂತು. ಆದರೆ ತನ್ನ ಕೈ ಹಿಡಿದುಕೊಂಡು ಕೇಳಿದ ಆ ಕೈಯನ್ನು ಈಗ ಮುಟ್ಟಲು ಮನಸ್ಸಾಗಲಿಲ್ಲ.

"ಅಮ್ಮಂಗೆ ನೀವೇ ಹೇಳಿ."

"ಇಲ್ಲ. ನನ್ನ ಮಾತು ಅಂತ ನೀನು ಹೇಳಿದ್ದಾಯ್ತು. ನಿನ್ನ ಮಾತನ್ನೂ ನೀನೇ ಹೇಳು."

ಅವಳು ಬೆಂಚಿನ ಬಳಿ ಹೋಗಿ ಹೇಳಿದಳು. ಅತ್ತೆ ಅವಳ ತಲೆಯನ್ನು ಎದೆಗೊತ್ತಿಕೊಂಡು, "ಸುಸ್ತಲ್ಲಿ ಯಾರಿಗಾದ್ರೂ ಹಾಗನ್ಸುತ್ತೆ ಕಂದಾ, ಅದಕ್ಯಾಕೆ ಅಳ್ತೀಯ" ಎಂದರು. ಅವನು ಅಲ್ಲೇ ನಿಂತು ಕೇಳಿಸಿಕೊಂಡ. ಅದೇ ಮಾತಿಗೆ ಅವನಿಗೆ ಸಿಕ್ಕಿದ್ದು ಕಾವಲು. ಅವನತ್ತ ಅತ್ತೆ ತಿರುಗಿಯೂ ನೋಡಲಿಲ್ಲ. ಅವನು ಕೈ ಚಾಚಿ ಬೆಂಚಿನ ಮೇಲಿದ್ದ ಮಗಳನ್ನು ಎತ್ತಿಕೊಂಡ. ಯಾರೂ ತಡೆಯಲಿಲ್ಲ.

ಅವಳಿಗೂ ಚಿಕಿತ್ಸೆ ಶುರುವಾಯಿತು. ಮೂವರೂ ತಮ್ಮ ಮನೆಗೆ ಮರಳಿದರು. ಮಗು ಗೋಡೆ ಹಿಡಿದು ಹೆಜ್ಜೆಯಿಡುವ ಹೊತ್ತಿಗೆ ಅವಳು ಅಂಗಡಿಗೆ ಹೋಗತೊಡಗಿದಳು, ಊಟ ಸೇರುತ್ತಿತ್ತು, ನಗುವೂ ಬರುತ್ತಿತ್ತು. ಅವನೂ ಗುಣವಾಗಿದ್ದ. ಮನೆಯಲ್ಲಿ ಜೋಕು ಬೇಕಾದಷ್ಟು ಹೇಳುತ್ತಿದ್ದ. ಮನಸ್ಸಿನ ಮಾತಿದ್ದರೆ ಅದನ್ನು ಡಾಕ್ಟರ ಕೋಣೆಗೆಂದು ಎತ್ತಿಡುತ್ತಿದ್ದ.

ಒಂದು ಮಧ್ಯಾಹ್ನ ಅವಳೇ ಕೇಳಿದಳು: "ಈಗ್ಲೂ ನನ್ನ ಹತ್ರ ಏನೂ ಹೇಳಲ್ಲ ಅಲ್ವಾ ನೀವು?"

"ಹೇಳ್ಬೇಕು ಅಂತ ಬಾಯಿ ತೆಗೀತೀನಿ" ಎಂದ. "ಆಮೇಲೆ ಆವತ್ತಿನ ಆ ಬ್ಯಾಗಿನ ಜಿಪ್ಪಿನ ಸದ್ದು ಕೇಳ್ಸುತ್ತೆ."

ಅವಳು ಎದ್ದು ಹೋಗಲಿಲ್ಲ. ಅವನೂ ಹೋಗಲಿಲ್ಲ. ಮಗಳು ಇಬ್ಬರ ನಡುವೆ ಕೂತು ಅವನ ಶೂ ಲೇಸು ಬಿಚ್ಚುತ್ತಿದ್ದಳು.