ಕೆಂಪ ಹತ್ತಿತಂದ್ರ ನಿಂತಂಗ

ವಿಡಿಯೋ ಕ್ಯಾಮೆರಾ ಬಳಸುವುದನ್ನು ನನಗೆ ಕಲಿಸಿದವನು ಅಪ್ಪ. ಕಲಿಸಿದ್ದು ಪೂರ್ತಿ ತಪ್ಪು. ಆತ ಸರ್ಕಾರಿ ಬಸ್ಸಿನ ಡ್ರೈವರ್. ಅಫಜಲಪುರದಿಂದ ಗುಲಬರ್ಗಾಕ್ಕೆ ದಿನಕ್ಕೆ ಎರಡು ಸಲ ಹೋಗಿ ಬರುತ್ತಿದ್ದ. ದುಬೈಯಿಂದ ಮರಳಿದ್ದ ಆಳಂದದ ಗೆಳೆಯರೊಬ್ಬರು ತಮ್ಮ ಹಳೆಯ ಕ್ಯಾಸೆಟ್ ಕ್ಯಾಮೆರಾವನ್ನು ಅಗ್ಗದಲ್ಲಿ ಕೊಟ್ಟರೆಂದು, ಅದನ್ನು ಟವೆಲಿನಲ್ಲಿ ಸುತ್ತಿ ಕೂಸಿನ ಹಾಗೆ ಎದೆಗವಚಿಕೊಂಡು ಮನೆಗೆ ತಂದಿದ್ದ. ಗುಂಡಿ ಒತ್ತಿದರೆ ಒಂದು ಕೆಂಪು ದೀಪ ಹತ್ತುತ್ತಿತ್ತು, ಮತ್ತೆ ಒತ್ತಿದರೆ ಆರುತ್ತಿತ್ತು. ಯಾವಾಗ ಚಿತ್ರ ಹಿಡಿಯುತ್ತದೆ ಎಂದು ಕೇಳಿದೆ.

"ಕೆಂಪ ಹತ್ತಿತಂದ್ರ ನಿಂತಂಗ," ಅಂದ ಅಪ್ಪ. "ಇಷ್ಟೂ ತಿಳಿಯಂಗಿಲ್ಲೇನು?"

ಜೀವಮಾನವಿಡೀ ಬಸ್ಸು ಓಡಿಸಿದವನಿಗೆ ಕೆಂಪು ಅಂದರೆ ಇನ್ನೇನು ಇರಲು ಸಾಧ್ಯ? ನಾನೂ ಹೂಂ ಅಂದೆ.

ಆ ಕ್ಯಾಮೆರಾದ ಮೊದಲ ಕೆಲಸ ಅಕ್ಕನ ಕುಬುಸ, ಅಂದರೆ ಸೀಮಂತ. ಏಳು ತಿಂಗಳಾಗಿತ್ತು. ಅಕ್ಕನನ್ನು ಜೇವರ್ಗಿ ಕಡೆಯ ಕೊಳಕೂರಿಗೆ ಕೊಟ್ಟಿದ್ದರು. ಅದೇ ಊರಿನ ಶಾಲೆಯಲ್ಲಿ ಅವಳು ಟೀಚರು. ನನಗೆ ಅ ಆ ತಿದ್ದಿಸಿದವಳೂ ಅವಳೇ. ಅವಳ ಹಾಗೆ ಸೀರೆಯುಟ್ಟು, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ನಡೆಯಬೇಕು ಅನ್ನುವುದಕ್ಕಿಂತ ದೊಡ್ಡ ಆಸೆ ನನಗಿರಲಿಲ್ಲ. ಹತ್ತೊಂಬತ್ತು ವರ್ಷ, ಪಿಯುಸಿ ಮುಗಿದಿತ್ತು. ಶಿಕ್ಷಕರ ತರಬೇತಿಗೆ ಅರ್ಜಿ ತುಂಬಿ, ಗುಲಬರ್ಗಾದ ದೊಡ್ಡ ಪೋಸ್ಟಿನಲ್ಲಿ ಹಾಕು ಎಂದು ಅಪ್ಪನ ಕೈಗೆ ಕೊಟ್ಟಿದ್ದೆ. ಕರೆ ಬರುವುದನ್ನೇ ಕಾಯುತ್ತಿದ್ದೆ.

ಕುಬುಸದ ದಿನ ಜೀಪು ಮಾಡಿಕೊಂಡು ಕೊಳಕೂರಿಗೆ ಹೋದೆವು. ನಾನು ಒಂದನ್ನೂ ಬಿಡಲಿಲ್ಲ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಿದ್ದು, ಪರಾತದ ತುಂಬ ಶೇಂಗಾ ಹೋಳಿಗೆ, ಎಲ್ಲವನ್ನೂ ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡು ಹಿಡಿದೆ. ಕೆಂಪು ಆರಿದೆಯೋ ಇಲ್ಲವೋ ಎಂದು ಎರಡೆರಡು ಸಲ ನೋಡಿಕೊಂಡೆ. ಮುಗಿದ ಕೂಡಲೇ ಗುಂಡಿ ಒತ್ತಿ, ಕೆಂಪು ಹತ್ತಿಸಿ, ಮಡಚಿಟ್ಟ ಗಾದಿಯ ಮೇಲೆ ಅದನ್ನು ಇಟ್ಟು ಬೇರೆ ಕೆಲಸಕ್ಕೆ ಓಡುತ್ತಿದ್ದೆ.

ವಾರ ಕಳೆದ ಮೇಲೆ ಅಪ್ಪ ಟಿವಿಗೆ ವೈರು ಸಿಕ್ಕಿಸಿದ. ಬಂದದ್ದು ಜೀಪಿನ ತಳ, ನನ್ನ ಚಪ್ಪಲಿ, ಒಂದು ಆಡಿನ ಹಿಂಭಾಗ. ಹಿಡಿಯಬೇಕಾದದ್ದು ಒಂದೂ ಇಲ್ಲ, ಬಿಡಬೇಕಾದದ್ದೆಲ್ಲ ಅಚ್ಚುಕಟ್ಟಾಗಿ ಇತ್ತು. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅವ್ವ ಮಾತ್ರ ಕಣ್ಣು ಸುತ್ತುತ್ತದೆ ಎಂದು ತಾನೇ ಎದ್ದು ಟಿವಿ ಆರಿಸಿದಳು. ಕ್ಯಾಸೆಟ್ಟು ಟ್ರಂಕಿನ ತಳ ಸೇರಿತು.

ತರಬೇತಿಯ ಕರೆ ಬರಲೇ ಇಲ್ಲ. ನನ್ನ ಜೊತೆ ಅರ್ಜಿ ಹಾಕಿದ ಗೆಳತಿಗೆ ಬಂತು, ಅವಳು ಸೇರಿಯೂ ಬಿಟ್ಟಳು. ಹಾಗಾದರೆ ನನ್ನ ಅರ್ಜಿ ಎಲ್ಲಿ ಹೋಯಿತು? ಚೌಡಾಪುರದಲ್ಲಿ ಚಹಾ ಕುಡಿಯಲು ನಿಂತಾಗ ಅಪ್ಪ ಅದನ್ನು ಹೋಟೆಲಿನ ಬೆಂಚಿನ ಮೇಲೆ ಮರೆತಿರಬೇಕು. ಹೀಗೆಂದು ನಾನೇ ತೀರ್ಮಾನಿಸಿ, ಎದುರು ನಿಂತು ಆಡಬಾರದ್ದನ್ನೆಲ್ಲ ಆಡಿದೆ. ಡಬ್ಬಿಗೆ ನಾನೇ ಹಾಕಿದ್ದೇನೆ ಎಂದು ಅಪ್ಪ ಆಣೆ ಮಾಡಿದ. ಕೆಂಪು ದೀಪದ ವಿಷಯದಲ್ಲೂ ಹೀಗೇ ಗಟ್ಟಿಯಾಗಿ ಹೇಳಿದ್ದೆಯಲ್ಲ ಎಂದು ಚುಚ್ಚಿದೆ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

ಹೇಗೂ ಮನೆಯಲ್ಲಿ ಖಾಲಿ ಕೂತಿದ್ದೀಯ ಎಂದು ನನ್ನನ್ನು ಕೊಳಕೂರಿಗೆ ಕಳಿಸಿದರು. ಅಕ್ಕನಿಗೆ ಅತ್ತೆ ಇರಲಿಲ್ಲ. ಅವಳು ಶಾಲೆಗೆ ಹೋದರೆ ಕೂಸನ್ನು ನೋಡಬೇಕಲ್ಲ. ನಾಲ್ಕು ವರ್ಷ ನೋಡಿದೆ. ಆ ಹುಡುಗಿ ಮೊದಲು ಅವ್ವ ಅಂದದ್ದು ನನಗೆ. ಆಮೇಲೆ ಸರಸಂಬಾದವರೊಡನೆ ನನ್ನ ಮದುವೆಯಾಯಿತು. ಈಗ ಆಳಂದದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಊರಿನ ಟೀಚರುಗಳ ಕುಪ್ಪಸಗಳನ್ನೆಲ್ಲ ನಾನೇ ಹೊಲಿಯುತ್ತೇನೆ. ನಗು ಬರುತ್ತದೆ, ಆದರೆ ನಗುವುದಿಲ್ಲ.

ಅಪ್ಪ ಹಾಸಿಗೆ ಹಿಡಿದಾಗಲೂ ಒಮ್ಮೆ ನನ್ನ ಕೈ ಹಿಡಿದು, "ಡಬ್ಬ್ಯಾಗ ನಾನೇ ಹಾಕೀನವ್ವ," ಅಂದ. "ಆಯ್ತು ಬಿಡಪ್ಪ," ಅಂದೆ. ನಂಬಿಲ್ಲ ಅನ್ನುವುದು ನನ್ನ ದನಿಯಲ್ಲೇ ಇತ್ತು. ಅದು ಅವನಿಗೂ ಗೊತ್ತಾಯಿತು. ಮುಖ ಗೋಡೆಗೆ ತಿರುಗಿಸಿಕೊಂಡ. ಅವನು ಹೋಗಿ ಎರಡು ವರ್ಷಕ್ಕೆ ಅವ್ವನೂ ಹೋದಳು. ಅವಳ ಫೋಟೋ ಎರಡೋ ಮೂರೋ ಇವೆ. ದನಿ ಮಾತ್ರ ಎಲ್ಲೂ ಇರಲಿಲ್ಲ.

ಈ ವರ್ಷ ಆ ಹುಡುಗಿಯದೇ ಕುಬುಸ. ಸಣ್ಣವ್ವ, ನಮ್ಮವ್ವನ ಕುಬುಸದ ವಿಡಿಯೋ ಇದೆಯಂತಲ್ಲ, ದೊಡ್ಡ ಪರದೆಯ ಮೇಲೆ ಹಾಕೋಣ ಎಂದು ಗಂಟುಬಿದ್ದಳು. ಬರೀ ಕಾಲುಗಳಿವೆ ಎಂದರೂ ಕೇಳಲಿಲ್ಲ. ನನಗೂ ಒಳಗೊಳಗೆ ಒಂದು ಆಸೆ: ಎಲ್ಲಾದರೂ ಮೂಲೆಯಲ್ಲಿ ಅವ್ವನ ಒಂದು ಮಾತು ಸಿಕ್ಕೀತು. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಅಂದರೆ ಇದೇ. ಟ್ರಂಕು ತೆಗೆದು, ಕ್ಯಾಸೆಟ್ಟನ್ನು ಕಲಬುರಗಿಯ ಸ್ಟುಡಿಯೋಕ್ಕೆ ಒಯ್ದು, ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ.

ಅವ್ವನ ಮಾತು ಸಿಕ್ಕಿತು. ಪರದೆಯ ತುಂಬ ಫರಸಿ ಕಲ್ಲಿನ ನೆಲ. ಹಸಿರು ಸೀರೆಯ ಅಂಚು, ಅರಿಶಿನ ಹಚ್ಚಿದ ಪಾದ, ಕಾಲುಂಗುರ: ಅಕ್ಕ. ಎದುರಿಗೆ ಒಡೆದ ಹಿಮ್ಮಡಿ: ಅವ್ವ. ನಾನು ಬಳೆಯ ಬುಟ್ಟಿ ತರಲು ಹೊರಗೆ ಹೋಗಿದ್ದೆ.

"ಸರ್ಕಾರಿ ಕಾಗದ ಬಂದದ. ನಿಮ್ಮಪ್ಪನ ಡ್ಯೂಟಿದೇನರೇ ಇರಬೇಕಂತ ಅಂಜಿ ಯಾರಿಗೂ ತೋರ್ಸಿಲ್ಲ. ಓದಿ ಹೇಳು," ಅನ್ನುತ್ತಾಳೆ ಅವ್ವ. ಅವಳಿಗೆ ಓದು ಬರುತ್ತಿರಲಿಲ್ಲ.

"ಅಪ್ಪಂದಲ್ಲವ್ವ, ತಂಗಿದು. ಸೀಟಿನ ಸಲುವಾಗಿ ಕರದಾರ, ಮುಂದಿನ ಸೋಮವಾರ."

"ಖರೇನ? ಕರಿ ಆಕಿನ್ನ." ಅವ್ವನ ದನಿ ಹಿಗ್ಗಿದ್ದು ಕಿವಿಗೆ ಗೊತ್ತಾಗುತ್ತದೆ.

"ತಡಿ. ಆಕಿ ಹೋದ್ರ ನನ್ನ ಕೂಸಿನ್ನ ಯಾರ ನೋಡ್ತಾರ? ನಾ ಸಾಲಿ ಬಿಟ್ಟು ಕುಂದರಲೇನು?"

ಒಡೆದ ಹಿಮ್ಮಡಿ ಒಮ್ಮೆ ಬಾಗಿಲ ಕಡೆ ತಿರುಗಿ, ಮತ್ತೆ ಈ ಕಡೆ ತಿರುಗುತ್ತದೆ.

"ಆಕಿ ಕೇಳಿದ್ರ?"

"ಬಂದಿಲ್ಲ ಅನ್ನು. ಅಪ್ಪ ಫಾರಂ ಹಾಕೋದು ಮರತಾನ ಅಂತ ತಿಳ್ಕೋತಾಳ."

"ಆಯ್ತು ಬಿಡು. ನೀ ನಡಿ ಉಣ್ಣು, ಎರಡ ಜೀವದಾಕಿ."

ಆಮೇಲೆ ನನ್ನ ಪಾದಗಳು ಓಡಿ ಬರುತ್ತವೆ. ಅಕ್ಕ, ಒಂದು ಸ್ವಲ್ಪ ನಗು ಎಂದು ನಾನೇ ಹೇಳುತ್ತೇನೆ. ನನ್ನ ಕೈ ಗುಂಡಿಯ ಮೇಲೆ ಬರುತ್ತದೆ, ಅಲ್ಲಿಗೆ ಚಿತ್ರ ನಿಲ್ಲುತ್ತದೆ.

ಹತ್ತು ಸಲ ನೋಡಿದೆ. ಸೀಟು ಹೋದದ್ದಕ್ಕೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚು ಉರಿದದ್ದು, ನಾನು ಅಪ್ಪನನ್ನು ಅಂದಾಡುತ್ತಿದ್ದಾಗ ಇವರಿಬ್ಬರೂ ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರಲ್ಲ, ಅದಕ್ಕೆ. ಅವ್ವನ ಮೇಲೆ ಸಿಟ್ಟು ಮಾಡಬೇಕೆಂದರೆ ಅವಳಿಲ್ಲ. ಇರುವುದು ಆ ದನಿಯೊಂದೇ. ಅದನ್ನು ಕೇಳಬೇಕೆನ್ನಿಸಿದಾಗಲೆಲ್ಲ ಅವಳು ನನ್ನನ್ನು ಮಾರಿದ ಮಾತನ್ನೇ ಕೇಳಬೇಕು.

ಮಗಳ ಕುಬುಸಕ್ಕೆ ಕುಪ್ಪಸ ಹೊಲಿಸಲೆಂದು ಅಕ್ಕ ಆಳಂದಕ್ಕೆ ಬಂದಳು. ಅಳತೆ ತೆಗೆದುಕೊಂಡೆ, ಚಹಾ ಕೊಟ್ಟೆ, ಫೋನಿನಲ್ಲಿ ವಿಡಿಯೋ ಹಚ್ಚಿ ಅವಳ ಕೈಗಿಟ್ಟೆ. ಅವ್ವನ ದನಿ ಕೇಳಿದ ಕೂಡಲೇ ಅವಳ ಕಣ್ಣಲ್ಲಿ ನೀರು ಬಂತು. ಮುಂದಿನ ಮಾತು ಬಂದಾಗ ಆ ನೀರನ್ನು ಒರೆಸಿಕೊಳ್ಳುವುದನ್ನೂ ಮರೆತಳು. ಪೂರಾ ಕೇಳಿ, ಆಗಿದ್ದು ಆಗಿಹೋಯಿತು, ಹುಡುಗಿಗೆ ತೋರಿಸಬೇಡ, ಅಳಿಸಿಬಿಡು ಎಂದಳು.

ಒಂದು ಮಾತು ಹೇಳಿದರೆ ಅಳಿಸುತ್ತೇನೆ ಎಂದೆ. ಅವ್ವನ ದನಿಯೂ ಹೋದರೆ ಹೋಗಲಿ. ಫೋನು ಇಸಿದುಕೊಂಡು, ಪರದೆ ಅವಳ ಕಡೆಗೆ ಇರುವಂತೆ ಹೊಲಿಗೆ ಮಷೀನಿಗೆ ಆನಿಸಿ, ಅವಳ ಮುಖವನ್ನು ಹಿಡಿಯಲು ಹೊಸ ವಿಡಿಯೋ ಹಚ್ಚಿದೆ.

"ಅಪ್ಪ ಫಾರಂ ಹಾಕಿದ್ದ ಅನ್ನು. ಅಷ್ಟ ಅನ್ನು ಸಾಕು."

ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಪರದೆಯ ಮೂಲೆಯ ಕೆಂಪು ಚುಕ್ಕೆ ಅವಳ ಕಣ್ಣಿಗೆ ಬಿತ್ತು. ತೆರೆದ ಬಾಯಿ ಹಾಗೇ ಮುಚ್ಚಿತು. ಚೀಲ ಹೆಗಲಿಗೇರಿಸಿ, ಹೋಗಿ ಬರುತ್ತೇನೆ ಅನ್ನದೆಯೇ ಬಸ್‌ಸ್ಟ್ಯಾಂಡಿನ ಕಡೆ ಹೊರಟುಹೋದಳು.

ಅಪ್ಪ ಕಲಿಸಿದ್ದು ತಪ್ಪಲ್ಲ. ಕೆಂಪು ಹತ್ತಿತು, ಅಕ್ಕನ ಮಾತು ನಿಂತಿತು. ಅರ್ಜಿಯನ್ನೂ ಅವನು ಡಬ್ಬಿಗೆ ಹಾಕಿಯೇ ಇದ್ದ.