ತಪಸಿ ಮರದ ಒಪ್ಪಿಗೆ

ಮೊನ್ನೆ ಗಜೇಂದ್ರಗಡದ ಗುಡ್ಡ ಹತ್ತುವಾಗ ಸುಮ್ಮನೆ ಒಂದು ತಪಸಿ ಎಲೆ ಕಿತ್ತು ಬೆರಳಲ್ಲಿ ತಿಕ್ಕಿದೆ. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ರೋಣದ ನಮ್ಮ ಹಳೆಯ ಮನೆಯ ಹಿತ್ತಲು ಕಣ್ಣ ಮುಂದೆ ಬಂತು. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಂಥ ತಪಸಿ ಮರ ಅಲ್ಲಿತ್ತು. ನಿಮಗೂ ಅಂಥದೊಂದು ಮರ ಇದ್ದೀತು. ಅದರ ನೆರಳಲ್ಲಿ ಆಯಿ, ಅಂದರೆ ನಮ್ಮಪ್ಪನ ತಾಯಿ, ಜೋಳ ಹಸನು ಮಾಡುತ್ತಿದ್ದಳು. ನಾನು ಅವಳ ಮೊರದಿಂದ ಕಾಳು ಕದ್ದು ಗುಬ್ಬಿಗಳಿಗೆ ಎರಚಿ ಬೈಸಿಕೊಳ್ಳುತ್ತಿದ್ದೆ. ಮನೆಯಲ್ಲಿ ಏನು ಬಿದ್ದರೂ ಏನು ಒಡೆದರೂ ಮೊದಲು ಬರುತ್ತಿದ್ದದ್ದು ನನ್ನ ಹೆಸರೇ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅಪ್ಪ ಹಿತ್ತಲನ್ನು ಪ್ಲಾಟು ಮಾಡಿಸಲು ಹೊರಟ. ಮರ ಸರಿಯಾಗಿ ರಸ್ತೆ ಬರುವ ಜಾಗದಲ್ಲಿತ್ತು. ಕಡಿಯುವ ಪರವಾನಗಿಗೆ ಫಾರೆಸ್ಟ್ ಆಫೀಸಿಗೆ ತಿಂಗಳುಗಟ್ಟಲೆ ಅಲೆದ. ಕೊನೆಗೆ ಸಾಹೇಬರು ಬಂದು ಬುಡಕ್ಕೆ ಟೇಪು ಸುತ್ತಿ, ಬದಲಿಗೆ ಸಸಿ ಹಚ್ಚುವುದಾಗಿ ಬರೆಸಿಕೊಂಡು ಕಾಗದ ಕೊಟ್ಟರು. ಅಪ್ಪ ಅದನ್ನು ತೋರಿಸಿದಾಗ ಆಯಿ ಮುಖ ಕೂಡ ಎತ್ತಲಿಲ್ಲ.

"ಸರಕಾರ ಹೂಂ ಅಂದೈತಿ, ಖರೇ. ಗಿಡಾ ಹೂಂ ಅಂದೈತೇನ?"

"ಯವ್ವಾ, ನಾಳೆ ಕಡಿಯಾಕ ಮಂದಿ ಬರ್ತಾರ."

"ಬರ್ಲಿ. ಇವತ್ತ ಸಂಜೀಕ ಕೇಳೋಣು."

ಕೇಳುವುದೆಂದರೆ ಹೀಗೆ: ಕಡಿಯುವ ಹಿಂದಿನ ಸಂಜೆ ಬುಡಕ್ಕೆ ಅರಿಸಿನ ಕುಂಕುಮ ಹಚ್ಚಿ ಕೊಡಲಿ ಒರಗಿಸಿಡಬೇಕು. ಬೆಳಗಿನ ತನಕ ಅದು ನಿಂತೇ ಇದ್ದರೆ ಮರ ಒಪ್ಪಿತು. ಬಿದ್ದಿದ್ದರೆ ಕಡಿಯುವ ಹಾಗಿಲ್ಲ. ಆಯಿ ಕೊಡಲಿ ಒರಗಿಸಿ, "ಗಿಡದೊಳಗ ಇರೋರೆಲ್ಲಾ ಕೇಳ್ರಿ, ಬ್ಯಾಡಾಗಿದ್ರ ಹೇಳ್ರಿ" ಎಂದು ಕೈಮುಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಮುಟ್ಟಿದ್ರ ನೋಡು, ಕೈ ಮುರೀತೀನಿ" ಎಂದಳು. ಅಪ್ಪ ನಕ್ಕ, ಆದರೆ ತಾಯಿಯ ಮಾತು ಮೀರುವವನಲ್ಲ. ಆ ಸಂಜೆ ಒಂದು ಹಕ್ಕಿಯೂ ಮರಕ್ಕೆ ಬರಲಿಲ್ಲ.

ನಸುಕಿನಲ್ಲಿ ಒಂದಕ್ಕೆಂದು ಎದ್ದು ಹಿತ್ತಲಿಗೆ ಹೋದೆ. ಗಾಳಿಯ ಸುಳಿವಿರಲಿಲ್ಲ, ಆದರೂ ಮರದ ನೆತ್ತಿಯಲ್ಲಿ ಯಾರೋ ಪಿಸುಗುಟ್ಟುವ ಸದ್ದು. ಕೊಡಲಿ ನೆಲದ ಮೇಲಿತ್ತು. ಜಾರಿ ಬಿದ್ದಂತಿರಲಿಲ್ಲ, ಬುಡದಿಂದ ಒಂದು ಮಾರು ದೂರ, ಕಾವು ನಮ್ಮ ಬಾಗಿಲಿನ ಕಡೆಗೆ ಮಾಡಿ, ಯಾರೋ ಮಲಗಿಸಿಟ್ಟ ಹಾಗಿತ್ತು. ನನಗೆ ದೆವ್ವದ ಭಯಕ್ಕಿಂತ ಆಯಿಯ ಭಯವೇ ಹೆಚ್ಚಾಯಿತು. ನಾನೇ ಕೆಡವಿದೆ ಅನ್ನುತ್ತಾರೆ! ಓಡಿಹೋಗಿ ಕೊಡಲಿ ಎತ್ತಿ ಮೊದಲಿನಂತೆ ಒರಗಿಸಿದೆ. ಆ ಚಳಿಯಲ್ಲೂ ಅದರ ಕಬ್ಬಿಣ ಬೆಚ್ಚಗಿತ್ತು.

ಬೆಳಕು ಹರಿದ ಮೇಲೆ ಆಯಿ ಬಂದು ನೋಡಿದಳು. ಬುಡ ಮುಟ್ಟಿ ಕಣ್ಣಿಗೊತ್ತಿಕೊಂಡು, "ಹೂಂ ಅಂದೈತಿ, ಕಡೀರಪಾ" ಎಂದು ಒಳಗೆ ಹೋದಳು. ಮಧ್ಯಾಹ್ನಕ್ಕೆ ಹಿತ್ತಲಲ್ಲಿ ಬರೀ ಬಿಸಿಲಿತ್ತು.

ಈಗ ಆ ಮನೆಯಿಲ್ಲ, ಅಪ್ಪನೂ ಇಲ್ಲ, ಆಯಿಯೂ ಇಲ್ಲ. ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ಅವಳು ನೋಡಲು ಬಂದವರಿಗೆಲ್ಲ, "ನಮ್ಮ ತಪಸೀದು ಭಾಳ ದೊಡ್ಡ ಮನಸು, ತಾನಾಗೇ ಜಾಗಾ ಬಿಟ್ಟಕೊಟ್ಟೈತಿ" ಎಂದು ಹೇಳುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಅವಳ ಕಾಲು ಒತ್ತುತ್ತಿದ್ದೆ. ಮರ ಬೇಡವೆಂದಿತ್ತು ಎಂದು ಒಂದು ಸಲವೂ ಬಾಯಿಬಿಟ್ಟು ಹೇಳಲಾಗಲಿಲ್ಲ.