ಎದೆಗೆ ಮೂರು ಕಾಜಾ
ಟೈಲರ್ ಅಕ್ಕ ಮೊದಲ ಸಲ ಆಪರೇಷನ್ ಡಾಕ್ಟರ ಮುಂದೆ ಕೂತಾಗ, ಜೋತುಬಿದ್ದ ಎಡರೆಪ್ಪೆಯನ್ನು ಬೆರಳಲ್ಲಿ ಎತ್ತಿ ಹಿಡಿದು ಅವರ ಕೋಟಿನ ಸಡಿಲ ಗುಂಡಿಯನ್ನೇ ನೋಡುತ್ತಿದ್ದಳು. ಸೂಜಿಗೆ ದಾರ ಪೋಣಿಸಲಾಗದೆ ಅವಳ ಮಷೀನು ಮೂಲೆ ಸೇರಿತ್ತು.

"ನಿಮ್ಮ ರೆಪ್ಪೆ ಜೋತುಬೀಳಿಸೋ ಸ್ನಾಯು ಕಾಯಿಲೆಗೂ ಎದೆಮೂಳೆ ಹಿಂದಿನ ಥೈಮಸ್ ಗ್ರಂಥಿಗೂ ನಂಟಿದೆ, ಅದನ್ನ ತೆಗೀಬೇಕಮ್ಮ. ಗಡ್ಡೆ ಇದ್ದಿದ್ರೆ ಮೂಳೆ ಸೀಳಬೇಕಾಗ್ತಿತ್ತೇನೋ. ನಿಮಗಿಲ್ಲ. ಪಕ್ಕದಲ್ಲಿ ಮೂರು ಸಣ್ಣ ತೂತು ಸಾಕು, ನೋವೂ ಕಮ್ಮಿ."

"ಅಂದ್ರೆ ಮುಂಭಾಗ ಬಿಚ್ಚೋದು ಬೇಡ, ಗುಂಡಿಗೆ ಮಾಡೋ ಹಾಗೆ ಮೂರು ಕಾಜಾ ಸಾಕು ಅನ್ನಿ!"

"ಕಾಜಾನೇ. ಒಳಗೆ ತೊಡಕಾದ್ರೆ ಮಾತ್ರ ಬಿಚ್ಚಬೇಕಾಗುತ್ತೆ."

"ನೀಟಾಗಿ ಹೊಲೀರಿ ಡಾಕ್ಟ್ರೇ, ಇಲ್ಲಾಂದ್ರೆ ಆಲ್ಟ್ರೇಷನ್‌ಗೆ ವಾಪಸ್ ತರ್ತೀನಿ!"

ಬಿಚ್ಚುವ ಪ್ರಮೇಯ ಬರಲಿಲ್ಲ. ರೆಪ್ಪೆ ಮಾತ್ರ ತಿಂಗಳುಗಟ್ಟಲೆ ಸತಾಯಿಸಿ, ಮಾತ್ರೆಗಳ ಜೊತೆ ನಿಧಾನವಾಗಿ ಮೇಲೆದ್ದಿತು. ಆಮೇಲೊಮ್ಮೆ ತಪಾಸಣೆಗೆ ಹೋದವಳು ಡಾಕ್ಟರ ಕೋಟು ಬಿಚ್ಚಿಸಿ ಆ ಗುಂಡಿಯನ್ನು ಭದ್ರವಾಗಿ ಹೊಲಿದುಕೊಟ್ಟಳು.

ಈಗ ಅವಳು ಬಸ್ ನಿಲ್ದಾಣದೆದುರಿನ ಅಂಗಡಿಯಲ್ಲಿ ಶಾಲೆ ಮಕ್ಕಳ ಅಂಗಿ ಹೊಲಿಯುತ್ತಾಳೆ. ದಾರವನ್ನು ತಾನೇ ಪೋಣಿಸುತ್ತಾಳೆ.